ಪಿತ್ತಾಳಿ ಪಾರ್ಟಿ ನಡೆದ ದಾರಿ

ನಮ್ಮ ಅಡುಗೆಮನೆಯಲ್ಲಿ ಶೇಂಗಾ ಎಣ್ಣೆಯನ್ನು ಡಬ್ಬಿಯಿಂದ ಬಾಟಲಿಗೆ ಇಳಿಸುವ ಒಂದು ಪಿತ್ತಳೆಯ ಲಾಳಿಕೆ ಇದೆ. ಮೇಲೆ ಪುಟ್ಟ ಬಟ್ಟಲು, ಕೆಳಗೆ ಬೆರಳುದ್ದದ ಕೊಳವೆ. ಬಟ್ಟಲಿನ ಅಂಚು ಒಂದು ಕಡೆ ನೆಗ್ಗಿದೆ. ಮನೆಗೆ ಬಂದ ಹೆಣ್ಣುಮಕ್ಕಳು ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ, ಇಂಥದ್ದು ಯಾವ ಅಂಗಡಿಯಲ್ಲಿ ಸಿಗುತ್ತದೆಂದು ನನ್ನ ಹೆಂಡತಿ ಗಿರಿಜಾಳನ್ನು ಕೇಳುತ್ತಾರೆ. ಅದು ಲಾಳಿಕೆಯಲ್ಲ, ಟ್ರಂಪೆಟ್ ಊದುವವರು ತುಟಿಗೆ ಹಚ್ಚುವ ತುದಿ, ಬ್ಯಾಂಡಿನವರ ಮಾತಿನಲ್ಲಿ ‘ಮೂತಿ’, ಎಂದು ನಾನು ಒಳಗಿನಿಂದಲೇ ಕೂಗಿ ಹೇಳುತ್ತೇನೆ. ಅವರು ತಲೆಯಾಡಿಸಿ ಮತ್ತೆ ಎಣ್ಣೆಯ ಮಾತಿಗೆ ಹೋಗುತ್ತಾರೆ. ಅದನ್ನು ಅಡುಗೆಗೆ ಬಳಸಬೇಡವೆಂದು ಗಿರಿಜಾಳಿಗೆ ಎಷ್ಟೋ ಸಲ ಹೇಳಿ ನೋಡಿದ್ದೇನೆ. “ಊದೂ ಕಾಲಕ್ಕ ಊದೈತಿ. ಕಪಾಟಿನ್ಯಾಗ ಕಿಲುಬು ಹಿಡಿಯೂದಕ್ಕಿಂತ ಎಣ್ಣ್ಯಾಗ ಹೊಳೀಲಿ ಬಿಡ್ರಿ” ಎಂದುಬಿಟ್ಟಳು. ಅದು ನಿಜವಾಗಿಯೂ ಹೊಳೆಯುತ್ತದೆ. ನಾನು ಸೋತೆ.

ಸೋಲುವುದು ನನಗೆ ಹೊಸದಲ್ಲ. ನಾನು ಒಂದು ಕಾಲಕ್ಕೆ ಗಿಟಾರು ಬಾರಿಸುತ್ತಿದ್ದೆ. ಇದನ್ನು ನನ್ನ ಮಕ್ಕಳೇ ನಂಬುವುದಿಲ್ಲ, ನಿಮಗೆ ನಂಬಿ ಎಂದು ಯಾವ ಬಾಯಿಂದ ಹೇಳಲಿ. ಎಪ್ಪತ್ತರ ದಶಕದಲ್ಲಿ ಬಾಗಲಕೋಟೆಯಲ್ಲಿ ಕಾಲೇಜು ಓದುತ್ತಿದ್ದಾಗ ವಿದ್ಯಾಗಿರಿಯ ಒಂದು ಕೋಣೆಯಲ್ಲಿದ್ದೆ. ಜೊತೆಗಿದ್ದ ಬೆಳಗಾವಿ ಕಡೆಯ ಹುಡುಗ ಓದು ಅರ್ಧಕ್ಕೆ ಬಿಟ್ಟು ಹೋಗುವಾಗ ತನ್ನ ವಿದ್ಯುತ್ ಗಿಟಾರನ್ನೂ ಅದರ ಪೆಟ್ಟಿಗೆಯಂಥ ಆಂಪ್ಲಿಫೈಯರನ್ನೂ ನನಗೆ ಕೊಟ್ಟು ಹೋದ. ಮೂರು ಕಾರ್ಡುಗಳನ್ನೂ, ಅಂದರೆ ತಂತಿಗಳನ್ನು ಒಟ್ಟಿಗೆ ಒತ್ತಿ ಹಿಡಿಯುವ ಮೂರು ಪಟ್ಟುಗಳನ್ನೂ, ಕಲಿಸಿ ಹೋದ. ನಾಲ್ಕನೆಯದನ್ನು ಕಲಿಸುವ ಹೊತ್ತಿಗೆ ಅವನ ಬಸ್ಸು ಬಂತು. ಇಡೀ ಸಂಗೀತ ಜೀವನವನ್ನು ನಾನು ಆ ಮೂರರಲ್ಲೇ ತೂಗಿಸಿದೆ. ಗಿಟಾರನ್ನು ಬಗಲಿಗೆ ಹಾಕಿಕೊಂಡು ಇಳಕಲ್ಲಿನ ಮನೆಗೆ ಬಂದಾಗ ಅಪ್ಪ ಅದನ್ನು ಮೇಲಿನಿಂದ ಕೆಳಗೆ ನೋಡಿ, “ತಂಬೂರಿ ಹಿಡದವರು ದೇವರ ಕಡೆ ಹೊಂಟಿರತಾರ. ನೀ ಇದನ್ನ ಹಿಡದು ಎಲ್ಲಿಗೆ ಹೊಂಟಿ?” ಎಂದು ಕೇಳಿದರು.

ಉತ್ತರ ಕೊಟ್ಟವನು ಮಹಾಂತೇಶ. ಅವನು ನನ್ನ ಜೊತೆ ಓದಿದ ಸಾಲಿಯ ಗೆಳೆಯ. ಅವರ ತಂದೆಗೆ ಊರ ಹೊರಗೆ ಗ್ರಾನೈಟ್ ಪಾಲಿಶ್ ಮಾಡುವ ಕಾರ್ಖಾನೆ. ದಿನವಿಡೀ ಕಲ್ಲು ಕೊಯ್ಯುವ ಸದ್ದಿನಲ್ಲಿ ಬೆಳೆದ ಮಗ ಅದಕ್ಕಿಂತ ದೊಡ್ಡ ಸದ್ದು ಮಾಡಬೇಕೆಂದು ಹಟ ಹಿಡಿದು ಡ್ರಮ್ಮು ಕಲಿತಿದ್ದ. ಅವರ ಮನೆಯ ದೊಡ್ಡ ರೇಡಿಯೋದಲ್ಲಿ ಒಂದು ಸಂಜೆ ಯಾವುದೋ ಪರದೇಶದ ಪಾಪ್ ತಂಡದ ಹಾಡು ಬಂತು. ಗಿಟಾರು, ಡ್ರಮ್ಮು ಎಲ್ಲ ಇದ್ದವು. ನಡುವೆ ಥಟ್ಟನೆ ಟ್ರಂಪೆಟ್ಟು, ಸ್ಯಾಕ್ಸೋಫೋನುಗಳೆಲ್ಲ ಒಟ್ಟಿಗೆ ಎದ್ದು ಭೋರೆಂದವು. ನಮ್ಮಿಬ್ಬರ ಮೈ ಜುಮ್ಮೆಂದಿತು. ಹಾಡು ಮುಗಿದ ಮೇಲೆ ಮಹಾಂತೇಶ ನಿಧಾನಕ್ಕೆ ಹೇಳಿದ: ಈ ವಿಲಾಯತಿಯವರು ಗಿಟಾರಿಗೆ ತುತ್ತೂರಿ ಎಲ್ಲಿಂದಲೋ ಹುಡುಕಿಕೊಂಡು ಬಂದಿರಬೇಕು. ನಮ್ಮೂರಲ್ಲಿ ತುತ್ತೂರಿಗೇನು ಬರ, ಕೊರತೆ ಇದ್ದದ್ದು ಗಿಟಾರಿಗೆ, ಅದೂ ಈಗ ಬಂದಿದೆ.

ಹೀಗೆ ನಾವು ರಾಜೇಸಾಬ ಕಾಕಾ ಅವರ ಮನೆಗೆ ಹೋದೆವು. ಕಾಕಾ ನಮ್ಮೂರ ಮದುವೆ ಬ್ಯಾಂಡಿನ ಹಿರಿಯರು, ಟ್ರಂಪೆಟ್ ಊದುವವರು. ಸುತ್ತಲಿನ ಹಳ್ಳಿಗಳಲ್ಲಿ ಅವರು ಊದದೆ ಮದುವೆಯಾದವರು ಕಡಿಮೆ. ಬೀಗರು ಬಂದರೆ ಬಸ್ ಸ್ಟ್ಯಾಂಡಿನಿಂದ ಮನೆಯ ತನಕ ಊದುವುದು, ಮದುಮಗನನ್ನು ಹನುಮಪ್ಪನ ಗುಡಿಗೆ ಕರೆದೊಯ್ದು ಊದುತ್ತ ಮರಳಿ ತರುವುದು, ಅಕ್ಷತೆ ಬೀಳುವಾಗ ಭಟ್ಟರ ಮಂತ್ರ ಯಾರಿಗೂ ಕೇಳದಂತೆ ಊದುವುದು, ಇದು ಅವರ ಕಸುಬು. ಹುರಿಮೀಸೆ, ಪಿತ್ತಳೆ ಗುಂಡಿಯ ಕೆಂಪು ಕೋಟು, ಕೆಳಗೆ ಬಿಳಿ ಪಾಯಜಾಮ. ನಮ್ಮ ಮಾತನ್ನು ಅವರು ಚಹಾ ಆರುವ ತನಕ ಕೇಳಿಸಿಕೊಂಡರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು. ಈ ಪಾಪ್ ಪಾರ್ಟಿಯ ಕಾರ್ಯಕ್ರಮದಲ್ಲಿ ಜನ ಏನು ಮಾಡುತ್ತಾರೆ? ಸ್ಟೇಜಿನ ಮುಂದೆ ಕುರ್ಚಿ ಹಾಕಿರುತ್ತಾರೆ, ಜನ ಕೂತು ಕೇಳುತ್ತಾರೆ ಎಂದೆ.

ಕಾಕಾ ಚಹಾದ ಬಸಿಯನ್ನು ಕೆಳಗಿಟ್ಟರು. “ನೋಡ ತಮ್ಮಾ, ನಾ ಮೀಸಿ ಮೂಡೂಕಿಂತ ಮೊದಲಿಂದ ಊದಕೋಂತ ಬಂದೇನಿ. ಮಂದಿ ನನ್ನ ಮುಂದ ನಡದಾರ, ಇಲ್ಲಾ ಹಿಂದ ನಡದಾರ. ಕುಂತು ಕೇಳಿದವರು ಒಬ್ಬರೂ ಇಲ್ಲ. ಒಮ್ಮೆರೆ ಯಾರರೆ ಕುಂತು ಕೇಳಬೇಕು. ಅಷ್ಟ ಆದ್ರ ಸಾಕು ನನಗ.”

ಅವರಿಗೆ ಬೇಕಾದದ್ದು ಅಷ್ಟೇ. ಆಗ ನನಗದು ಬಹಳ ಸಣ್ಣ ಬೇಡಿಕೆಯಾಗಿ ಕಂಡಿತ್ತು. ಇಳಕಲ್ಲಿನಲ್ಲಿ ಕುರ್ಚಿಗಳಿಗೇನು ಕಡಿಮೆ?

ತಾಲೀಮಿಗೆ ನಮಗೆ ಸಿಕ್ಕದ್ದು ಅಮಾವಾಸ್ಯೆ. ಆ ದಿನ ಮದುವೆ ಇರುವುದಿಲ್ಲ, ಬ್ಯಾಂಡಿನವರು ಖಾಲಿ. ಆ ದಿನ ನೇಕಾರರೂ ಮಗ್ಗ ಮುಟ್ಟುವುದಿಲ್ಲ. ನಮ್ಮ ಸ್ಯಾಕ್ಸೋಫೋನಿನ ಈರಣ್ಣ ಮದುವೆಯ ದಿನಗಳಲ್ಲಿ ಬ್ಯಾಂಡಿನವನು, ಉಳಿದ ದಿನ ನೇಕಾರ. ಅವನ ಮನೆಯ ಮಗ್ಗದ ಪಡಸಾಲೆಯೇ ನಮ್ಮ ಜಾಗ. ನೆಲದಲ್ಲಿ ಕುಣಿ ತೋಡಿ, ಅದರಲ್ಲಿ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ ಅದು. ಉಳಿದ ದಿನಗಳಲ್ಲಿ ಆ ಓಣಿಯಲ್ಲಿ ನಿಂತರೆ ಪಕ್ಕದವರ ಮಾತು ಕೇಳುತ್ತಿರಲಿಲ್ಲ. ಮನೆಮನೆಯಿಂದ ಖಟ್ ಖಟಾಕ್, ಖಟ್ ಖಟಾಕ್. ಮಗ್ಗದ ಮೇಲೆ ಕೂತವರು ಯಾರಿಗಾಗಿಯೂ ಕೈ ನಿಲ್ಲಿಸುತ್ತಿರಲಿಲ್ಲ. ಮದುವೆಯ ಮೆರವಣಿಗೆ ಬಾಗಿಲ ಮುಂದೆಯೇ ಹಾದು ಹೋದರೂ ತಲೆ ಎತ್ತುತ್ತಿರಲಿಲ್ಲ. ಮಗ್ಗ ನಿಂತಿತೆಂದರೆ ಅಮಾವಾಸ್ಯೆ ಎಂದೇ ಲೆಕ್ಕ. ಓಣಿಯ ಮುದುಕರಿಗೆ ಕ್ಯಾಲೆಂಡರು ಬೇಕಿರಲಿಲ್ಲ.

ಅಲ್ಲೇ ಒಂದು ಅಮಾವಾಸ್ಯೆಯ ದಿನ ಈರಣ್ಣ ಸುಮ್ಮನೆ ಕುಣಿಯಲ್ಲಿ ಕೂತು ನೆಲದ ಮೇಲೆ ಬೆರಳಿನಿಂದ ಮಗ್ಗದ ಲಯ ಬಡಿದ. ಮಹಾಂತೇಶ ಅದನ್ನು ಡ್ರಮ್ಮಿಗೆ ಹಿಡಿದ. ಕಾಕಾ ಕಣ್ಣು ಮುಚ್ಚಿ ಅದರ ಮೇಲೆ ಒಂದು ಧಾಟಿ ಊದಿದರು. ನನ್ನ ಮೂರು ಕಾರ್ಡುಗಳು ಹೇಗೋ ಅದಕ್ಕೆ ಹೊಂದಿಕೊಂಡವು. ಸಿನಿಮಾದ್ದಲ್ಲ, ಮದುವೆಯದ್ದಲ್ಲ, ಅದು ನಮ್ಮದೇ. ಅದನ್ನು ‘ಮಗ್ಗದ ಧಾಟಿ’ ಎಂದು ಕರೆದೆವು. ಇವತ್ತಿಗೂ ಸ್ನಾನದ ಮನೆಯಲ್ಲಿ ನನ್ನ ಬಾಯಿಗೆ ಬರುವುದು ಅದೇ. ತಂಡಕ್ಕೆ ನಾನೊಂದು ಉದ್ದನೆಯ ಇಂಗ್ಲಿಷ್ ಹೆಸರನ್ನಿಟ್ಟು ಡ್ರಮ್ಮಿನ ಮೇಲೆ ಬರೆಸಿದ್ದೆ. ಊರವರು ಅದನ್ನು ಓದುವ ಗೋಜಿಗೇ ಹೋಗದೆ ‘ಪಿತ್ತಾಳಿ ಪಾರ್ಟಿ’ ಎಂದು ಕರೆದರು. ಹೆಸರು ಇಡುವ ಹಕ್ಕು ಯಾವಾಗಲೂ ಊರಿನದೇ.

ಮೊದಲ ಕಾರ್ಯಕ್ರಮ ಬಾಗಲಕೋಟೆಯ ಒಂದು ಕಾಲೇಜಿನ ಗ್ಯಾದರಿಂಗಿನಲ್ಲಿ. ಈಗಿನವರು ವಾರ್ಷಿಕೋತ್ಸವ ಎನ್ನುತ್ತಾರೆ, ಆದರೆ ಗ್ಯಾದರಿಂಗ್ ಅನ್ನುವುದರಲ್ಲಿದ್ದ ಗದ್ದಲ ಅದರಲ್ಲಿಲ್ಲ. ಪ್ರೇಕ್ಷಕರಿಗೆ ಕುರ್ಚಿ, ಸ್ಟೇಜಿನ ಮೇಲೆ ಊದುವವರಿಗೂ ಕುರ್ಚಿ. ಕಾಕಾ ಕೋಟಿನ ಗುಂಡಿಗಳನ್ನು ಹುಣಸೇಹಣ್ಣು ಹಚ್ಚಿ ತಿಕ್ಕಿಕೊಂಡು ಬಂದಿದ್ದರು. ಪರದೆ ಸರಿಯಿತು. ಸಾಲುಸಾಲಾಗಿ ಕೂತ ಜನರನ್ನು ಅವರು ಸ್ವಲ್ಪ ಹೊತ್ತು ನೋಡುತ್ತಲೇ ಇದ್ದರು. ಆಮೇಲೆ ಟ್ರಂಪೆಟ್ ಎತ್ತಿದರು.

ಸ್ವರ ಹೊರಡಲಿಲ್ಲ. ಹೊರಟದ್ದೂ ನೆಗಡಿಯಾದವರ ಮಾತಿನಂತೆ ಮೂಗಿನಲ್ಲೇ ಉಳಿಯಿತು. ಈರಣ್ಣನ ಸ್ಯಾಕ್ಸೋಫೋನೂ ಹಾಗೆಯೇ. ಏನಾಯಿತೆಂದು ನನಗೆ ತಿಳಿಯಲಿಲ್ಲ. ಎರಡನೆಯ ಹಾಡಿಗೆ ಕಾಕಾ ಎದ್ದು ನಿಂತರು. ಸ್ವರ ತುಸು ತೆರೆಯಿತು. ನಿಂತಲ್ಲೇ ಕಾಲು ಎತ್ತಿ ಇಡತೊಡಗಿದರು. ಇನ್ನಷ್ಟು ತೆರೆಯಿತು. ಆಗ ಹೊಳೆಯಿತು ನನಗೆ. ಇವರು ಇಡೀ ಆಯುಷ್ಯ ನಡೆಯುತ್ತಲೇ ಊದಿದವರು, ತಾಲೀಮಿನಲ್ಲೂ ಪಡಸಾಲೆಯಲ್ಲಿ ಅಡ್ಡಾಡುತ್ತಲೇ ಊದಿದ್ದರು. ಇವರ ಉಸಿರು ಎದೆಯಲ್ಲಿಲ್ಲ, ಕಾಲಿನಲ್ಲಿದೆ. ಮಗ್ಗದ ಧಾಟಿ ಶುರುವಾದದ್ದೇ ತಡ, ಕಾಕಾ ಒಂದು ಹೆಜ್ಜೆ ಮುಂದಿಟ್ಟರು, ಇನ್ನೊಂದು ಇಟ್ಟರು, ಮೆಟ್ಟಿಲು ಇಳಿದು ಜನರ ನಡುವೆ ನಡೆದೇಬಿಟ್ಟರು. ಟ್ರಂಪೆಟ್ ನಡೆದರೆ ಬ್ಯಾಂಡು ನಡೆಯಬೇಕು, ಅದು ಅವರ ಕಾನೂನು. ಈರಣ್ಣ ನಡೆದ, ಉಳಿದ ಊದುವವರೂ ನಡೆದರು. ಮಹಾಂತೇಶ ಡ್ರಮ್ಮಿನ ಸಂಸಾರವನ್ನೆಲ್ಲ ಅಲ್ಲೇ ಬಿಟ್ಟು ಒಂದನ್ನು ಮಾತ್ರ ಕೊರಳಿಗೆ ಹಾಕಿಕೊಂಡು ಹಿಂದೆ ಓಡಿದ. ನಾನೂ ಹೊರಟೆ. ಆದರೆ ನನ್ನ ಗಿಟಾರಿಗೆ ವಾಯರು ಇತ್ತು. ಸ್ಟೇಜಿನ ತುದಿಗೆ ಬರುವಾಗ ಅದು ಗೂಟಕ್ಕೆ ಕಟ್ಟಿದ ಕರುವನ್ನು ಎಳೆದಂತೆ ನನ್ನನ್ನು ಎಳೆಯಿತು. ಜಗ್ಗಿದೆ. ವಾಯರು ಕಿತ್ತು ಬಂತು, ಗಿಟಾರು ಮೂಕವಾಯಿತು. ಮೂಕ ಗಿಟಾರನ್ನೇ ಬಾರಿಸುತ್ತ ಗೇಟಿನ ತನಕ ಹೋದೆ. ಅವತ್ತು ಸಂಗೀತ ಭಾಳ ಚಲೋ ಇತ್ತೆಂದು ಮಹಾಂತೇಶ ಇಂದಿಗೂ ಹೇಳುತ್ತಾನೆ.

ಹುಡುಗರೆಲ್ಲ ಕುರ್ಚಿ ಬಿಟ್ಟೆದ್ದು ಕುಣಿಯುತ್ತ ಹಿಂದೆ ಬಂದಿದ್ದರು. ಮೈದಾನದಲ್ಲಿ ಕೂತು ಉಳಿದವರು ಮುಖ್ಯ ಅತಿಥಿಗಳೊಬ್ಬರೇ. ಅವರಿಗೆ ನಿದ್ದೆ ಹತ್ತಿತ್ತು.

ಅಲ್ಲಿಂದ ನಮ್ಮ ಭಾಗ್ಯ ತೆರೆಯಿತು. ನಡೆಯುವ ಪಾಪ್ ಪಾರ್ಟಿ ಎಂದು ಹೆಸರಾಯಿತು. ಗುಳೇದಗುಡ್ಡ, ಕೆರೂರು, ಅಮೀನಗಡ, ಎಲ್ಲಿ ಗ್ಯಾದರಿಂಗು, ಎಲ್ಲಿ ಗಣಪತಿ ಕೂರಿಸಿದರು, ಅಲ್ಲಿ ನಾವು. ಕರೆಯಲು ಬಂದವರೆಲ್ಲ ಮೊದಲೇ ಕೇಳುತ್ತಿದ್ದರು, ನಡೀತೀರಿ ಹೌದಲ್ಲೋ ಎಂದು. ನನಗೆ ಉದ್ದನೆಯ ವಾಯರು ಬಂತು, ಕೂದಲೂ ಉದ್ದ ಬಂತು. ಬಸ್ಸಿನಲ್ಲಿ ಅಪರಿಚಿತರು ಜಾಗ ಬಿಟ್ಟುಕೊಡುತ್ತಿದ್ದರು. ಎಲ್ಲರೂ ಖುಷಿಯಾಗಿದ್ದೆವು, ಒಬ್ಬರನ್ನು ಬಿಟ್ಟು. ಕಾರ್ಯಕ್ರಮ ಮುಗಿದ ಮೇಲೆ ಕಾಕಾ ಟ್ರಂಪೆಟ್ಟನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದರು. ಮಂದಿ ಎಷ್ಟು ಮೆಚ್ಚಿದರಲ್ಲ ಎಂದು ಒಮ್ಮೆ ನಾನು ಅಂದೆ. “ಕುಣದರು ತಮ್ಮಾ. ಕೇಳಲಿಲ್ಲ” ಎಂದರು, ಅಷ್ಟೇ.

ಅವರ ಆಸೆಗಾಗಿ ನಾವೇನು ಕೈಕಟ್ಟಿ ಕೂತಿರಲಿಲ್ಲ. ಕೈ ಅಲ್ಲ, ಕಾಲನ್ನೇ ಕಟ್ಟಿದೆವು. ಹುನಗುಂದದ ಕಾರ್ಯಕ್ರಮಕ್ಕೆ ಮುಂಚೆ ಈ ಉಪಾಯವನ್ನು ಹೇಳಿದವರು ಸ್ವತಃ ಕಾಕಾ. ತಮ್ಮ ಕಾಲನ್ನು ಕುರ್ಚಿಗೆ ಕಟ್ಟಿಬಿಡಿ, ಕೂತೇ ಊದಲು ಕಲಿಯುತ್ತೇನೆ ಎಂದರು. ಈರಣ್ಣ ಮನೆಯಿಂದ ಸೀರೆಯ ರೇಷ್ಮೆ ಎಳೆಗಳನ್ನು ಹೊಸೆದು ತಂದು ಮುತುವರ್ಜಿಯಿಂದ ಬಿಗಿದ. ಎರಡು ಹಾಡು ಸುಸೂತ್ರವಾಗಿ ಆದವು, ಸ್ವರ ಮಂಕಾಗಿದ್ದರೂ ಜನ ಕೂತಿದ್ದರು. ಮೂರನೆಯದಾಗಿ ಮಗ್ಗದ ಧಾಟಿ ಬಂತು. ಇಳಕಲ್ಲಿನ ರೇಷ್ಮೆ ಹರಿಯಲಿಲ್ಲ, ಅದರ ಗುಣಕ್ಕೆ ಸಾಕ್ಷಿಯಾಗಿ ನಾನೇ ಇದ್ದೇನೆ. ಕುರ್ಚಿಯೇ ಹೊರಟಿತು. ಕಾಕಾ ಮುಂದೆ, ಕುರ್ಚಿ ಹಿಂದೆ, ಇಬ್ಬರೂ ಒಂದೇ ತಾಳದಲ್ಲಿ ಮೆಟ್ಟಿಲು ಇಳಿದರು. ಹುನಗುಂದದ ಜನ ಅದೂ ಕಾರ್ಯಕ್ರಮದ ಭಾಗವೆಂದೇ ತಿಳಿದು ಮುಂದಿನ ವರ್ಷವೂ ಕುರ್ಚಿಯನ್ನು ಕೇಳಿದರು.

ಬಾದಾಮಿಯ ಮಾತು ಇನ್ನೂ ಬಂದಿಲ್ಲ. ಮೂತಿಯ ಅಂಚಿನ ನೆಗ್ಗು ಅಲ್ಲಿನದು. ಅಲ್ಲಿ ಮಧ್ಯಾಹ್ನ ಹೊಂಡದ ಮೆಟ್ಟಿಲ ಮೇಲೆ ಕಾಕಾ ಟ್ರಂಪೆಟ್ಟಿನ ಮೂತಿಯನ್ನು ಬಿಚ್ಚಿ ತೊಳೆದು ಬಿಸಿಲಿಗೆ ಇಟ್ಟಿದ್ದರು. ಬಾದಾಮಿಯ ಮಂಗಗಳು ನೀವು ತಿಳಿದಂತೆ ಕಳ್ಳರಲ್ಲ, ವ್ಯಾಪಾರಸ್ಥರು. ಒಂದು ಬಂದು ಮೂತಿಯನ್ನು ಎತ್ತಿಕೊಂಡು ಬಂಡೆಯ ಮೇಲೇರಿ ಕೂತಿತು. ಕಚ್ಚಿ ನೋಡಿತು. ಬಾಯಿಗಿಟ್ಟು ತಿರುಗಿಸಿತು. ಪೇರಲಹಣ್ಣು ಮಾರುವ ಮುದುಕಿಯಿಂದ ಬುಟ್ಟಿಯಲ್ಲಿದ್ದ ಒಳ್ಳೆಯ ಹಣ್ಣುಗಳನ್ನೇ ಕೊಂಡು ಒಂದೊಂದಾಗಿ ಎಸೆದೆವು. ಕೊನೆಗೆ ಅದಕ್ಕೆ ವ್ಯವಹಾರ ಕುದುರಿ ಮೂತಿಯನ್ನು ಕೆಳಗೆ ಹಾಕಿತು, ಕಲ್ಲಿಗೆ ಬಡಿದು ನೆಗ್ಗು ಬಿದ್ದದ್ದು ಆಗಲೇ. ನಾವೆಲ್ಲ ಬೆವರಿದ್ದೆವು. ಕಾಕಾ ಅದನ್ನು ಅಂಗಿಗೆ ಒರೆಸುತ್ತ, “ಮಂಗ್ಯಾನೂ ಕುಂತ ಊದಾಕ ನೋಡ್ತೈತಿ. ನನಗ ಆಗವಲ್ದು” ಎಂದರು. ನಾವು ಬಿದ್ದು ಬಿದ್ದು ನಕ್ಕೆವು. ಅವರೂ ನಕ್ಕರು. ಆದರೆ ನಾವು ನಗು ನಿಲ್ಲಿಸುವ ಮೊದಲೇ ಅವರು ನಿಲ್ಲಿಸಿದ್ದರು.

ಎಂಬತ್ತರ ದಶಕ ಅರ್ಧ ಕಳೆಯುವ ಹೊತ್ತಿಗೆ ಹುಬ್ಬಳ್ಳಿ ಕಡೆಯಿಂದ ಬರುವ ಆರ್ಕೆಸ್ಟ್ರಾಗಳ ಕೈಯಲ್ಲಿ ಕೀಬೋರ್ಡು ಬಂತು. ಒಂದು ಗುಂಡಿ ಒತ್ತಿದರೆ ಹತ್ತು ಟ್ರಂಪೆಟ್ಟು. ಅವಕ್ಕೆ ಚಹಾ ಬೇಡ, ಬಸ್ ಚಾರ್ಜು ಬೇಡ, ನಡೆಯುವ ಚಟವೂ ಇಲ್ಲ. ನಮ್ಮನ್ನು ಕರೆಯುವವರು ಕಡಿಮೆಯಾದರು. ಯಾರೊಂದಿಗೂ ಜಗಳವಾಗಲಿಲ್ಲ, ಯಾರೂ ಬಿಟ್ಟುಹೋಗಲಿಲ್ಲ. ಒಂದು ಅಮಾವಾಸ್ಯೆಗೆ ಯಾರಿಗೋ ಬರಲಾಗಲಿಲ್ಲ, ಮುಂದಿನದಕ್ಕೆ ಇನ್ನೊಬ್ಬರಿಗೆ. ಮಹಾಂತೇಶ ಕಲ್ಲಿನ ಕಾರ್ಖಾನೆ ಹಿಡಿದ. ನಾನು ಹೈಸ್ಕೂಲು ಮಾಸ್ತರನಾದೆ, ಕೂದಲು ಕತ್ತರಿಸಿದೆ, ಗಿರಿಜಾಳನ್ನು ಮದುವೆಯಾದೆ. ನನ್ನ ಮದುವೆಗೆ ಕಾಕಾ ಅವರೇ ಊದಿದರು. ನಾನು ಮುಂದೆ ನಡೆದೆ. ನಡೆಯದೆ ಏನು ಮಾಡಲಿ, ಮದುಮಗ ನಾನೇ.

ಆಮೇಲೊಂದು ದಿನ ಕಾಕಾ ಸಾಲಿಯ ತನಕ ಬಂದು ನನ್ನನ್ನು ಹೊರಗೆ ಕರೆದರು. ಬಾಯಿಗೆ ರುಮಾಲು ಹಿಡಿದಿದ್ದರು. ಮುಂದಿನ ಹಲ್ಲುಗಳು ಅಲುಗಾಡುತ್ತಿದ್ದವು, ಊದಿದರೆ ರಕ್ತ. ಟ್ರಂಪೆಟ್ ಊದುವವನಿಗೆ ಮುಂದಿನ ಹಲ್ಲು ಅಂದರೆ ಮನೆಗೆ ಹೊಸ್ತಿಲು ಇದ್ದ ಹಾಗೆ, ತುಟಿ ಊರಿ ನಿಲ್ಲುವುದೇ ಅದರ ಮೇಲೆ. ಬಾಗಲಕೋಟೆಯ ದವಾಖಾನಿಗೆ ಕರೆದುಕೊಂಡು ಹೋದೆ. ಡಾಕ್ಟರು ಒಳ್ಳೆಯವರು, ಬಹಳ ಹೊತ್ತು ನೋಡಿದರು. ಒಸಡು ಪೂರಾ ಹಾಳಾಗಿದೆ, ಮುಂದಿನವನ್ನು ತೆಗೆಯಲೇಬೇಕು ಎಂದರು. ಕಟ್ಟಿಸಿದ ಹಲ್ಲಿನ ಮೇಲೆ ಊದಬಹುದೇ ಎಂದು ನಾನು ಕೇಳಿದೆ. ಅನ್ನ ತಿನ್ನಬಹುದು, ಇದರದು ನನಗೆ ಗೊತ್ತಿಲ್ಲ ಎಂದು ನೇರವಾಗಿ ಹೇಳಿದರು. ಕಾಕಾ ಒಪ್ಪಿದರು, ಮೂರು ದಿನ ಬಿಟ್ಟು ಬರುತ್ತೇನೆಂದರು. ಬಸ್ಸು ಹುನಗುಂದಕ್ಕೆ ಬಂದು ನಿಂತಾಗ ಚಹಾ ತಂದುಕೊಟ್ಟೆ. ಅವರು ಅದನ್ನು ಕುಡಿಯದೆ ಹಿಡಿದುಕೊಂಡು, ನಾಳೆ ಮಧ್ಯಾಹ್ನ ಈರಣ್ಣನ ಓಣಿಗೆ ಬಾ ಎಂದರು.

ಮರುದಿನ ಹೋದಾಗ ಅವರು ಓಣಿಯ ತುದಿಯಲ್ಲಿ ಕೆಂಪು ಕೋಟು ಹಾಕಿಕೊಂಡು ನಿಂತಿದ್ದರು. ಕೋಟು ಹೆಗಲಲ್ಲಿ ಜೋಲುತ್ತಿತ್ತು. ಗುಂಡಿಗಳು ಮಾತ್ರ ಫಳಫಳ. ಮದುವೆ ಇಲ್ಲ, ಹಬ್ಬವಿಲ್ಲ, ದುಡಿಮೆಯ ದಿನ. ಎರಡೂ ಬದಿಯ ಮನೆಗಳಿಂದ ಖಟ್ ಖಟಾಕ್ ಜೋರಾಗಿ ನಡೆದಿತ್ತು. ಕಾಕಾ ತುಟಿ ಒರೆಸಿಕೊಂಡು ಟ್ರಂಪೆಟ್ ಎತ್ತಿದರು. ಮಗ್ಗದ ಧಾಟಿ. ಆದರೆ ಹಿಂದೆಂದೂ ಅದನ್ನು ಅಷ್ಟು ನಿಧಾನಕ್ಕೆ ಊದಿರಲಿಲ್ಲ. ಹೆಜ್ಜೆಗೊಂದು ಸ್ವರ. ನಾನು ಅವರ ಹಿಂದೆ ಬರಿಗೈಯಲ್ಲಿ ನಡೆದೆ.

ಯಾರೂ ಹೊರಗೆ ಬರಲಿಲ್ಲ. ಒಂದು ಬಾಗಿಲಿನಿಂದಲೂ ಒಬ್ಬರೂ ಇಣುಕಲಿಲ್ಲ. ಹಲ್ಲಿನ ಸಂಗತಿ ಓಣಿಗೆಲ್ಲ ಗೊತ್ತಿರಲೇಬೇಕು, ಇಲ್ಲಿ ಗುಟ್ಟು ನಿಲ್ಲುವುದಿಲ್ಲ. ಒಬ್ಬರಾದರೂ ಬರಬಾರದೇ ಎಂದು ನನಗೆ ಸಿಟ್ಟೇ ಬಂತು. ಅರ್ಧ ಓಣಿ ದಾಟಿದ ಮೇಲೆ ಟ್ರಂಪೆಟ್ಟಿನ ಕೆಳಸ್ವರ, ಯಾವತ್ತೂ ಮಗ್ಗದ ಸದ್ದಿನಲ್ಲಿ ಮುಳುಗಿ ಹೋಗುವ ಸ್ವರ, ಕಿವಿಗೆ ಸ್ಪಷ್ಟವಾಗಿ ಬಿತ್ತು. ಗಕ್ಕನೆ ನಿಂತು ಪಕ್ಕದ ಬಾಗಿಲಲ್ಲಿ ನೋಡಿದೆ. ಈರಣ್ಣನ ತಾಯಿ ಗಂಗವ್ವ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು. ಕೈಯಲ್ಲಿ ಲಾಳಿ. ಕೈ ಆಡುತ್ತಿರಲಿಲ್ಲ. ಮುಂದಿನ ಮನೆಯಲ್ಲಿ ನೋಡಿದೆ, ಅಲ್ಲಿಯೂ ಹಾಗೆಯೇ. ಅದರ ಮುಂದಿನ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೂ ಕಣ್ಣು ಮುಚ್ಚಿ ಕೂತಿದ್ದರು. ಇಡೀ ಓಣಿ ಕೈ ನಿಲ್ಲಿಸಿ ಕೂತಿತ್ತು. ನಾನು ಅಳುತ್ತಿದ್ದೆ, ಅದನ್ನು ಹೇಳಲು ಸಂಕೋಚವಿಲ್ಲ.

ಕಾಕಾ ತಮ್ಮ ಸ್ವರದ ಒಳಗೇ ಇದ್ದರು, ಅವರಿಗೆ ಏನೂ ಗೊತ್ತಾಗಿರಲಿಲ್ಲ. ಓಣಿಯ ಕೊನೆಗೆ ಬಂದು, ಕೊನೆಯ ಸ್ವರವನ್ನು ಉಸಿರು ಇರುವ ತನಕ ಹಿಡಿದು, ಟ್ರಂಪೆಟ್ ಇಳಿಸಿದರು. ಆಗ ಆ ನಿಶ್ಶಬ್ದ ಅವರ ಕಿವಿಗೆ ಬಿತ್ತು. ತಿರುಗಿ ಓಣಿಯನ್ನು ನೋಡಿದರು. ಒಂದು ನರಪಿಳ್ಳೆಯೂ ಇಲ್ಲ.

“ಇವತ್ತ ಅಮಾಸಿ ಏನೋ ತಮ್ಮಾ?” ಎಂದು ಕೇಳಿದರು.

“ಅಲ್ಲ ಕಾಕಾ” ಎಂದೆ. “ಎಲ್ಲಾರೂ ಕುಂತಾರ.”

ಅವರು ಹತ್ತಿರದ ಬಾಗಿಲಿಗೆ ಹೋಗಿ ಒಳಗೆ ನೋಡಿದರು. ಅದರ ಪಕ್ಕದ ಬಾಗಿಲಿಗೆ ಹೋಗಿ ನೋಡಿದರು. ತುಟಿಯ ರಕ್ತವನ್ನು ರುಮಾಲಿನಲ್ಲಿ ಒತ್ತಿಕೊಂಡು, ಟ್ರಂಪೆಟ್ಟಿನ ಮೂತಿಯನ್ನು ಬಿಚ್ಚಿ, ಅಂಗಿಗೆ ಒರೆಸಿ ನನ್ನ ಕೈಯಲ್ಲಿಟ್ಟರು. ಅದು ಇನ್ನೂ ಬೆಚ್ಚಗಿತ್ತು. ಆಮೇಲೆ ಅಲ್ಲಿದ್ದ ಕಟ್ಟೆಯ ಮೇಲೆ ಕೋಟಿನ ಅಂಚು ಸರಿಮಾಡಿಕೊಂಡು ನಿಧಾನಕ್ಕೆ ಕೂತರು.

ಒಳಗೆಲ್ಲೋ ಒಂದು ಮಗ್ಗ ಖಟ್ ಎಂದಿತು. ಗಂಗವ್ವನದೇ ಇರಬೇಕು. ಅದರ ಬೆನ್ನಿಗೆ ಇನ್ನೊಂದು, ಮತ್ತೊಂದು, ಇಡೀ ಓಣಿ ಮತ್ತೆ ಖಟ್ ಖಟಾಕ್ ಎನ್ನತೊಡಗಿತು. ಹೋಗೋಣವೇ ಎಂದು ನಾನು ಕೇಳಿದೆ. ಕಾಕಾ ಕೈಸನ್ನೆಯಲ್ಲೇ ತಡಿ ಎಂದರು. ಬಿಸಿಲು ಕಟ್ಟೆ ಬಿಟ್ಟು ಇಳಿಯುವ ತನಕ, ಕಾಲು ಅಲ್ಲಾಡಿಸದೆ, ಕೂತು ಕೇಳಿದರು.